ಎಡಗಡೆ ಪೆಡಲು ಮತ್ತು ಅತ್ತೆಯವರ ಸವಾರಿ

"ಇನ್ನು ಮುಂದೆ ಈ ಮನೆಯ ಒಂದೇ ಒಂದು ನಟ್ಟೂ ರಿಪೇರಿ ಅಂಗಡಿಯ ಮುಖ ನೋಡಕೂಡದು!" ಹಾಗಂತ ಭಾನುವಾರ ಬೆಳಿಗ್ಗೆ ಘೋಷಿಸಿಬಿಟ್ಟೆ. ಮಗಳಿಗೆ ಹತ್ತು ಗಂಟೆಗೆ ಸೈಕಲ್ ರೇಸು. ಎಡಗಡೆ ಪೆಡಲು ಸೀಳುಬಿಟ್ಟಿತ್ತು. ಹಳೆಯದನ್ನು ಬಿಚ್ಚಿ ಹೊಸದನ್ನು ಹಾಕೋದು, ಅಷ್ಟೇ! ನನ್ನ ಹತ್ತಿರ ಸ್ಪ್ಯಾನರ್‌ಗಳ ದೊಡ್ಡ ಪೆಟ್ಟಿಗೆಯೇ ಇತ್ತು.

ಹದಿನಾಲ್ಕನೇ ನಂಬರ್ ಹಿಡಿಯಲೇ ಇಲ್ಲ. ಹದಿನಾರು ಜಾರಿ ಜಾರಿ ನನ್ನ ಬೆರಳನ್ನೇ ಜಜ್ಜಿತು. ಹದಿನೈದು? ಇಡೀ ಪೆಟ್ಟಿಗೆಯಲ್ಲಿ ಅದೊಂದೇ ನಾಪತ್ತೆ! ಕೊನೆಗೆ ಬಾಯಿ ಹಿಗ್ಗಿಸಿ ಕುಗ್ಗಿಸುವ ಸ್ಕ್ರೂ ಸ್ಪ್ಯಾನರ್ ಹಿಡಿದು ಎಡಕ್ಕೆ ತಿರುಗಿಸಿದೆ. ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

"ರೀ, ಎಡಗಡೆ ಪೆಡಲ್‌ದು ಉಲ್ಟಾ ಅಂತೆ. ಬಲಕ್ಕೆ ತಿರುಗಿಸಿ ನೋಡಿ," ಅಂದಳು ನನ್ನವಳು.

"ಲೋಕದ ನಟ್ಟುಗಳೆಲ್ಲ ಎಡಕ್ಕೇ ಬಿಚ್ಚೋದು ಕಣೇ! ನೀನು ಹೋಗಿ ಪೈಪ್ ತಾ."

ಸ್ಪ್ಯಾನರಿನ ಹಿಡಿಗೆ ಮೂರಡಿ ಕಬ್ಬಿಣದ ಪೈಪು ತೂರಿಸಿ ಒತ್ತಿದೆ. ಸೈಕಲ್ಲೇ ಎದ್ದು ಬಂತು! ಅದರ ಮೇಲೆ ಭಾರ ಬೇಕು. ಮನೆಯಲ್ಲಿ ಭಾರವಾದದ್ದು ಅಂದರೆ...

"ಅತ್ತೆ, ಎರಡು ನಿಮಿಷ ಸೀಟಿನ ಮೇಲೆ ಕೂತ್ಕೊಳ್ತೀರಾ?"

"ನಂಗೆ ಸೈಕಲ್ ಬರಲ್ಲಪ್ಪ!"

"ಓಡ್ಸೋದು ಬೇಡ, ಸುಮ್ನೆ ಕೂತ್ಕೊಳ್ಳಿ."

"ಅಪ್ಪಾ, ಒಂಬತ್ತೂವರೆ ಆಯ್ತು!" ಮಗಳ ಕಣ್ಣಲ್ಲಿ ನೀರು. ಅತ್ತೆ ಅಷ್ಟರಲ್ಲಿ ಸೀಟಿನ ಮೇಲೆ ಕೂತಾಗಿತ್ತು. ಆದದ್ದಾಗಲಿ ಅಂತ ಪೈಪಿನ ಮೇಲೆ ಹತ್ತಿ ನಿಂತೇಬಿಟ್ಟೆ!

ನಟ್ಟು ಕದಲಲಿಲ್ಲ. ಪೆಡಲು ತಿರುಗಿತು, ಪೆಡಲಿನ ಹಿಂದೆ ಚೈನು, ಚೈನಿನ ಹಿಂದೆ ಚಕ್ರ. ಪೈಪಿನ ಸಮೇತ ನಾನು ನೆಲಕ್ಕೆ ಬಿದ್ದೆ, ಅತ್ತೆ ಗೇಟು ದಾಟಿದರು! ಮುಂದೆ ಇಳಿಜಾರು.

"ಅಳಿಯಂದ್ರೇ, ಇದನ್ನ ನಿಲ್ಸೋದು ಹೇಗೆ?" ಅಂತ ಕೂಗುತ್ತಾ, ಎಡೆಬಿಡದೆ ಬೆಲ್ ಹೊಡೆಯುತ್ತಾ ಅವರು ಮುಂದೆ, ನಾವು ಮೂವರು ಹಿಂದೆ. ಇಳಿಜಾರು ಮುಗಿದದ್ದು ಎಲ್ಲಿ ಅಂತೀರಿ? ಸೈಕಲ್ ರಿಪೇರಿ ಅಂಗಡಿಯ ಮುಂದೆ! ಮೆಕ್ಯಾನಿಕ್ ಓಡಿ ಬಂದು ಹ್ಯಾಂಡಲ್ ಹಿಡಿದುಕೊಂಡ.

ಆಮೇಲೆ ಹದಿನೈದನೇ ನಂಬರ್ ಸ್ಪ್ಯಾನರ್ ಹಾಕಿ, ಬಲಕ್ಕೆ ತಿರುಗಿಸಿ, ಮುಖ ಕೆಂಪಗೆ ಮಾಡಿಕೊಂಡು ಹೇಗೋ ಬಿಚ್ಚಿದ. "ಅಬ್ಬಬ್ಬಾ! ಇದನ್ನ ಇಷ್ಟು ಬಿಗಿ ಮಾಡಿದ ಪುಣ್ಯಾತ್ಮ ಯಾರು ಸಾರ್?"

ನಾನು ಆಕಾಶ ನೋಡಿದೆ. ಹೊಸ ಪೆಡಲು ಕೂತಿದ್ದೇ ತಡ, ಮಗಳು ರೇಸಿಗೆ ಹಾರಿದಳು. "ಇಷ್ಟೇನಾ ಸೈಕಲ್ ಹೊಡೆಯೋದು?" ಅಂತ ಅತ್ತೆ ಸೆರಗು ಸರಿಮಾಡಿಕೊಂಡರು.

ಸಂಜೆ ಅಡುಗೆಮನೆಯಿಂದ ನನ್ನವಳ ದನಿ ಬಂತು.

"ರೀ, ನಲ್ಲಿ ತೊಟ್ಟಿಕ್ಕುತ್ತಿದೆ. ಬೇಗ ಬಂದು ಬಿಚ್ಚೋಕೆ ಟ್ರೈ ಮಾಡಿ, ಚೆನ್ನಾಗಿ ಬಿಗಿಯಾಗಲಿ!"