ಬಾಯಿ ಬಿಡದ ಮೂರು ಚಿಪ್ಪು

ನನ್ನ ಸೋದರಮಾವ ತಟ್ಟಿ ನೋಡದೆ ದೇವರನ್ನೂ ನಂಬುವವರಲ್ಲ. ಉತ್ಪ್ರೇಕ್ಷೆ ಎನ್ನುತ್ತೀರಾ? ಉರಿಗಾಂನ ಗುಡಿಗೆ ಹೊಸ ಕಂಬ ನಿಲ್ಲಿಸಿದಾಗ, ಅದಕ್ಕೆ ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಿ, ಕಿವಿಯಿಟ್ಟು ಕೇಳಿ, ಆಮೇಲೆ ಕೈಮುಗಿದದ್ದನ್ನು ನಾನೇ ಕಂಡಿದ್ದೇನೆ.

ಇದು ಚಿನ್ನದ ಗಣಿಯ ಅಭ್ಯಾಸ. ಮೈಸೂರು ಮೈನ್ಸಿನಲ್ಲಿ ನೆಲದಡಿ ಇಳಿದವರು ತಲೆಯ ಮೇಲಿನ ಬಂಡೆಯನ್ನು ಸಲಾಕೆಯಿಂದ ತಟ್ಟಿ, ಗಟ್ಟಿ ಸದ್ದು ಬಂದರೆ ಮಾತ್ರ ಅದರ ಕೆಳಗೆ ನಿಲ್ಲುತ್ತಿದ್ದರು. ಗಣಿ ನಿಂತಿತು, ಮಾವನ ಕೈ ನಿಲ್ಲಲಿಲ್ಲ. ನನಗೆ ಹೆಣ್ಣು ನೋಡಲು ಹೋದಲ್ಲಿ ಅವರ ನಡುಮನೆಯ ಗೋಡೆ ತಟ್ಟಿ, "ಒಳಗೆ ಟೊಳ್ಳು ಅದೆ" ಎಂದರು. ಸಂಬಂಧ ಅಲ್ಲೇ ಬಿತ್ತು. ಗೋಡೆ ಇನ್ನೂ ನಿಂತಿದೆ.

ಇಂಥವರು ಇಟಲಿಯ ಅಡುಗೆಗೆ ಕೈಹಾಕಿದ್ದೇಕೆ? ಅತ್ತೆಗಾಗಿ. ಹೊಟ್ಟೆಯ ಆಪರೇಷನ್ ಆದ ಮೇಲೆ ಡಾಕ್ಟರು ಖಾರ, ಹುಳಿ, ಮಸಾಲೆ ಮೂರನ್ನೂ ನಿಲ್ಲಿಸಿದ್ದರು. ಆ ಮೂರೂ ಇಲ್ಲದ್ದನ್ನು ಅತ್ತೆ ಊಟವೆಂದು ಒಪ್ಪಲಿಲ್ಲ. ಗಂಜಿ ಎರಡು ಚಮಚ, ಆಮೇಲೆ ಗೋಡೆಯ ಕಡೆ ಮುಖ. "ಏನ್ ತಿಂದ್ರೂ ಮಣ್ ತಿಂದಂಗದೆ" ಎನ್ನುತ್ತಿದ್ದರು. ಸೋಮವಾರದೊಳಗೆ ಊಟ ಸೇರದಿದ್ದರೆ ಮೂಗಿನಲ್ಲಿ ನಳಿಕೆ ಹಾಕಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದು ಶುಕ್ರವಾರ.

ಅಂದು ಸಂಜೆ ಮಾವ ನನ್ನ ಫೋನಿನಲ್ಲಿ, ಬಿಳಿ ಮೀನನ್ನೂ ಕಪ್ಪೆಚಿಪ್ಪನ್ನೂ ಒಟ್ಟಿಗೆ ಬೇಯಿಸುವ ಇಟಲಿಯ ಹೆಂಗಸೊಬ್ಬಳ ವೀಡಿಯೊವನ್ನು ಹನ್ನೊಂದು ಸಲ ನೋಡಿದರು. ಕನ್ನಡ, ತಮಿಳು, ತೆಲುಗು ಮೂರೂ ಬಲ್ಲವರಿಗೆ ಅವಳ ಒಂದು ಮಾತೂ ತಿಳಿಯಲಿಲ್ಲ.

"ಮಾತ್ಯಾಕ್ಲಾ? ಅವಳ ಕೈ ನೋಡು. ಮೆಣಸಿನಪುಡಿ ಡಬ್ಬಿ ಕಡೆ ಒಂದ್ಸಲಾನೂ ಓಗಿಲ್ಲ."

ಬಂಗಾರಪೇಟೆಯ ಮೀನಿನಂಗಡಿಯಾಕೆಗೆ ಹೇಳಿ ಚೆನ್ನೈ ಕಡೆಯಿಂದ ಚಿಪ್ಪು ತರಿಸಿದ್ದಾಯಿತು. ಭಾನುವಾರ ಬೆಳಿಗ್ಗೆ ಮಾವ ಅಂಗಡಿಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು, ಒಳಗೆ ಜೀವವಿದೆಯೇ ಎಂದು ಒಂದೊಂದನ್ನೇ ತಟ್ಟತೊಡಗಿದರು.

"ಯಾರನ್ನ ಕರೀತಿದ್ದೀಯಣ್ಣಾ? ಎಲ್ಲಾ ಮದ್ರಾಸಲ್ಲೇ ಇಳ್ಕೊಂಡ್ರು" ಎಂದಳು ಆಕೆ.

ಅಷ್ಟರಲ್ಲಿ ಅರೆ ತೆರೆದಿದ್ದ ಒಂದು ಚಿಪ್ಪು, ತಟ್ಟಿದ್ದಕ್ಕೆ ನಿಧಾನವಾಗಿ ಮುಚ್ಚಿಕೊಂಡಿತು.

"ಇಲ್ಲೊಬ್ಬ ಅವ್ನೆ. ಬಾಗ್ಲು ಆಕ್ಕೊಂಡ."

ಆಕೆ ಬಗ್ಗಿ ನೋಡಿದಳು. ಸ್ವಲ್ಪ ಹೊತ್ತಿನಲ್ಲಿ ಗಿರಾಕಿಗಳನ್ನು ಬಿಟ್ಟು ತಾನೂ ತಟ್ಟುತ್ತಿದ್ದಳು.

ಮನೆಯಲ್ಲಿ ನಾನು ಕಂಡದ್ದನ್ನು ಕಂಡ ಕ್ರಮದಲ್ಲೇ ಹೇಳುತ್ತೇನೆ. ಬಾಣಲೆಗೆ ಕಡಲೆಕಾಯಿ ಎಣ್ಣೆ, ಜಜ್ಜಿದ ಬೆಳ್ಳುಳ್ಳಿ, ಮುಳ್ಳು ತೆಗೆದ ಮೀನಿನ ತುಂಡು, ಚಿಪ್ಪು. ವೀಡಿಯೊದಲ್ಲಿ ಅವಳು ವೈನಿನ ಬಾಟಲಿ ಎತ್ತಿದಳು. ಮಾವ ಅತ್ತೆಯ ಕೋಣೆಯ ಕಡೆ ಒಮ್ಮೆ ನೋಡಿ, ಒಂದು ಲೋಟ ನೀರು ಹೊಯ್ದರು. ಮುಚ್ಚಳ ಮುಚ್ಚಿದರು. ಐದು ನಿಮಿಷಕ್ಕೆ ಚಿಪ್ಪುಗಳೆಲ್ಲ ಬಾಯಿ ಬಿಟ್ಟವು, ಮೂರರ ಹೊರತು.

"ಆ ಮೂರು ಬಿಸಾಕು ಮಾವ. ಬಾಯಿ ಬಿಡದಿರೋದನ್ನ ತಿನ್ಬಾರ್ದಂತೆ."

"ಇರ್ಲಾ, ಇನ್ನೊಂದೈದ್ ನಿಮಿಷ."

"ಮೀನು ಕರಗೋಯ್ತದೆ."

"ಓಗ್ಲಿ. ಕೆಳಗೆ ಬಂಡೆ ಕುಸಿದಾಗ ನಾವು ಪೈಪ್ ತಟ್ಕೊಂಡು ಕೂತಿರ್ತಿದ್ವಿ. ಆ ಕಡೆ ಸಿಕ್ಕಾಕ್ಕೊಂಡೋರ ಸದ್ದು ಬರ್ಲಿಲ್ಲ ಅಂತ ತಕ್ಷಣ ಎದ್ದು ಬಂದ್ಬಿಡ್ತಾರೇನ್ಲಾ?"

ನಾನು ಮುಚ್ಚಳ ಮತ್ತೆ ಮುಚ್ಚಿದೆ.

ಹದಿನೈದು ನಿಮಿಷ ಕಾದೆವು. ಒಂದೂ ತೆರೆಯಲಿಲ್ಲ. ಮಾವ ಆ ಮೂರನ್ನು ಎಲೆಯ ಮೇಲಿಟ್ಟುಕೊಂಡು ಹಿತ್ತಲಿಗೆ ಹೋದರು. ಬಿಸಾಡಲಿಲ್ಲ, ಕರಿಬೇವಿನ ಬುಡದಲ್ಲಿ ಹೂತು, ಕೈ ತೊಳೆದು ಬಂದರು.

ಬಾಣಲೆಯಲ್ಲಿ ತುಂಡು ಎನ್ನುವಂಥದ್ದು ಉಳಿದಿರಲಿಲ್ಲ. ಮೀನು ನುಣ್ಣಗೆ ಕರಗಿ, ಬೆಳ್ಳಗೆ ಗಂಜಿಯಂತೆ ಆಗಿತ್ತು. "ಕೆಟ್ಟೋಯ್ತು. ನಾನೇ ಕೆಡಿಸ್ಬಿಟ್ಟೆ" ಎಂದರು ಮಾವ. ಮರುದಿನ ಸೋಮವಾರ. ಬೇರೆ ಏನೂ ಇರಲಿಲ್ಲ. ಚಿಪ್ಪುಗಳನ್ನೆಲ್ಲ ಆರಿಸಿ ತೆಗೆದು, ಉಳಿದದ್ದನ್ನು ಮೆತ್ತನೆಯ ಅನ್ನಕ್ಕೆ ಕಲಸಿ, ತಟ್ಟೆಯನ್ನು ಅತ್ತೆಯ ಮುಂದೆ ಹಿಡಿದೆವು.

ಅತ್ತೆ ಮೊದಲ ಚಮಚವನ್ನು ಬಾಯಲ್ಲಿ ಬಹಳ ಹೊತ್ತು ಇಟ್ಟುಕೊಂಡರು. ಅಗಿಯುವ ಕೆಲಸವಿರಲಿಲ್ಲ, ತಾನಾಗಿಯೇ ಇಳಿಯಿತು. ಎರಡನೆಯದು ಇಳಿಯಿತು. ಮೂರನೆಯದಕ್ಕೆ ಮುಖ ತಿರುಗಿಸಲಿಲ್ಲ. ನಾಲ್ಕನೆಯದು ನುಂಗಿ ಹುಬ್ಬು ಗಂಟಿಕ್ಕಿದರು.

"ಏನ್ರೀ ಇದು, ಉಪ್ಪೇ ಸಾಲ್ದು."

ಮಾವ ಎದ್ದು ಅಡುಗೆಮನೆಗೆ ಹೋದರು. ಎಷ್ಟು ಹೊತ್ತಾದರೂ ಬರಲಿಲ್ಲ. ನಾನು ಹೋಗಿ ನೋಡಿದೆ. ಉಪ್ಪಿನ ಭರಣಿಯನ್ನು ಎರಡು ಕೈಯಲ್ಲೂ ಹಿಡಿದು ನಿಂತಿದ್ದರು. ಮುಚ್ಚಳವನ್ನು ತೆರೆಯುವ ಬದಲು ಇನ್ನಷ್ಟು ಬಿಗಿಯಾಗಿ ತಿರುಗಿಸುತ್ತಿದ್ದರು. ನಾನೇ ತೆಗೆದುಕೊಟ್ಟೆ.

"ತರ್ತೀರೋ, ನಾನೇ ಎದ್ದು ಬರ್ಲೋ?" ಒಳಗಿನಿಂದ ಅತ್ತೆ ಕೂಗಿದರು. "ಬರ್ತಾ ಇನ್ನೊಂಚೂರು ಅನ್ನಾನೂ ತಕ್ಕೊಂಬನ್ನಿ."