ಇನ್ನೂರು ಡಬ್ಬಿ ಕುರುಕ್ಷೇತ್ರ

ಆಟ ಮಾಡಿದವನು ನಾನು, ಆದರೆ ಹೋದ ಊರಲ್ಲೆಲ್ಲ ಜನ ಆಡಿಸಿದ್ದು ನನ್ನನ್ನೇ. ಒಂದು ಸಲ ಆಗಿದ್ದರೆ ಮರೆತುಬಿಡುತ್ತಿದ್ದೆ. ಡಬ್ಬಿ ಬಗಲಲ್ಲಿಟ್ಟುಕೊಂಡು ಬಸ್ಸಿಳಿದರೆ ಸಾಕು, ಏನಾದರೊಂದು ಆಗಿಯೇ ತೀರುತ್ತಿತ್ತು.

ಮಧುಗಿರಿಯಲ್ಲಿ ಹೈಸ್ಕೂಲು ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಟ್ಟು ರಿಟೈರ್ ಆದವನು ನಾನು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡ ಅನ್ನುವ ಹಾಗೆ, ಇಬ್ಬರು ಕೂತು ಆಡುವ ಹೊಸ ಆಟವೊಂದನ್ನು ಮಾಡಿದೆ. ಹೆಸರು ಕುರುಕ್ಷೇತ್ರ. ಹಲಗೆಯ ಒಂದು ಕಡೆ ಪಾಂಡವರ ಐದು ಕಾಯಿ, ಎದುರಿಗೆ ಕೌರವರ ಹನ್ನೊಂದು, ಎಸೆಯಲು ಕವಡೆ. ಏಟು ಬಿದ್ದ ಕಾಯಿ ಸತ್ತಂತೆ. ನಡುವಿನ ಹಸ್ತಿನಾವತಿಗೆ ಮೊದಲು ಹೊಕ್ಕವರು ಗೆದ್ದರು. ಇನ್ನೂರು ಡಬ್ಬಿ ಮಾಡಿಸಿ ಹಿಂದಿನ ಕೋಣೆಯಲ್ಲಿ ಪೇರಿಸಿದೆ.

ಮನೆಯವಳು ಕೋಣೆ ನೋಡಿ ಒಂದೇ ಮಾತು ಹೇಳಿದಳು: "ಮಗಳು ಏಳನೇ ತಿಂಗಳಿಗೆ ಬರ್ತಾಳೆ. ಬಾಣಂತನ ಇದೇ ಕೋಣೇಲಿ. ಅಷ್ಟರೊಳಗೆ ಇದು ಖಾಲಿ ಆಗದೇ ಇದ್ರೆ ಡಬ್ಬಿ ಒಲೆಗೆ, ನೀವು ಜಗಲಿಗೆ."

ಅವಳು ಹೇಳಿದ್ದನ್ನು ಮಾಡದೆ ಬಿಟ್ಟ ಉದಾಹರಣೆ ನನಗೆ ನೆನಪಿಲ್ಲ. ನಿಜಕ್ಕೂ ಹೆದರಿಕೆಯಾಯಿತು. ಮಾರನೇ ದಿನವೇ ಹೊರಟೆ.

ಇಬ್ಬರ ಆಟ

ಮೊದಲ ಪ್ರಯೋಗ ನಮ್ಮೂರಿನ ಆಟೋ ಸ್ಟ್ಯಾಂಡಿನಲ್ಲಿ. ಬಾಡಿಗೆ ಇಲ್ಲದೆ ಕೂತಿದ್ದ ಇಬ್ಬರು ಡ್ರೈವರ್‌ಗಳನ್ನು ಬೆಂಚಿನ ಮೇಲೆ ಎದುರುಬದುರು ಕೂರಿಸಿ ಹಲಗೆ ಹಾಸಿದೆ. "ಇದು ಇಬ್ಬರು ಮಾತ್ರ ಆಡುವ ಆಟ" ಅಂತ ಎರಡು ಸಲ ಹೇಳಿದೆ.

"ಇಬ್ರೇ ಆಡ್ತೀವಿ ಬುಡಿ ಸಾ" ಅಂದರು.

ಎರಡನೇ ಕವಡೆ ಬೀಳುವಷ್ಟರಲ್ಲಿ ಸುತ್ತ ಒಂಬತ್ತು ಜನ ನಿಂತಿದ್ದರು. ಒಬ್ಬ "ಅರ್ಜುನನ್ನ ನಡ್ಸ್ಲಾ" ಅಂದ. ಇನ್ನೊಬ್ಬ "ಅವ್ನೇನ್ ನಡ್ಸ್ತಾನೆ" ಅಂತ ತಾನೇ ಬಗ್ಗಿ ನಡೆಸಿದ. ಬಾಳೆಹಣ್ಣಿನವನು ಗಾಡಿ ಬಿಟ್ಟು ಬಂದು ಕೌರವರ ಪರ ನಿಂತ. ಇವರ ಜಗಳ ಜೋರಾದಾಗ, ಕೂತಿದ್ದ ಇಬ್ಬರಿಗೂ ಬಾಡಿಗೆ ಸಿಕ್ಕಿ, ಎದ್ದು ಆಟೋ ಹತ್ತಿ ಹೋದರು.

ಆಮೇಲೂ ಮುಕ್ಕಾಲು ಗಂಟೆ ಆಟ ನಡೆಯಿತು. ಅವರಿಬ್ಬರೂ ಇಲ್ಲ ಅನ್ನುವುದು ಯಾರ ಗಮನಕ್ಕೂ ಬರಲಿಲ್ಲ.

ಡಿಫೆಕ್ಟ್ ಪೀಸು

ಶಿರಾದ ಫ್ಯಾನ್ಸಿ ಅಂಗಡಿಯ ಸಾಹೇಬರು ಹತ್ತು ಡಬ್ಬಿ ಇಟ್ಟುಕೊಂಡಿದ್ದರು. ಒಂದು ವಾರ ಬಿಟ್ಟು ಹೋದರೆ, "ಬನ್ನಿ ಮೇಷ್ಟ್ರೇ, ಮಾಲ್ ಖರಾಬ್ ಅಂತ ಕಂಪ್ಲೇಂಟ್ ಐತೆ" ಅಂದರು. ಪಕ್ಕದಲ್ಲಿ ಗಿರಾಕಿಯೊಬ್ಬ ಡಬ್ಬಿ ಹಿಡಿದು ನಿಂತಿದ್ದ.

"ಮೂರ್ ಸತಿ ಆಡಿದ್ವಿ ಸಾ. ಮೂರ್ ಸತೀನೂ ಕೌರವ್ರೇ ಗೆದ್ರು" ಅಂದ ಗಿರಾಕಿ.

"ಕವಡೆ ಬಿದ್ದ ಹಾಗೆ ಅಲ್ಲವೇನಪ್ಪ?"

"ಕವಡೆ ಹೆಂಗಾರ ಬೀಳ್ಲಿ ಸಾ. ಕಥೆ ಅಂತ ಒಂದೈತಲ್ಲ. ಮಕ್ಳು ಏನ್ ಕಲಿತವೆ?"

ನಾನು ವಾದಕ್ಕೆ ಇಳಿಯುವವನಿದ್ದೆ. ಸಾಹೇಬರು ನನ್ನ ಕೈ ಅದುಮಿ, ಕಪಾಟಿನಿಂದ ಇನ್ನೊಂದು ಡಬ್ಬಿ ತೆಗೆದು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದರು. "ಇದು ತಗೊಂಡೋಗಿ. ಇದ್ರಲ್ಲಿ ಧರ್ಮ ಪಕ್ಕಾ ಗೆಲ್ತದೆ. ಗ್ಯಾರಂಟಿ."

ಗಿರಾಕಿ ಖುಷಿಯಿಂದ ಹೋದ. ಮುಂದಿನ ವಾರ ನಾನು ಹೋದಾಗ ಮತ್ತೆ ಅವನೇ ನಿಂತಿದ್ದ.

"ಈಗೇನಾಯಿತು? ಪಾಂಡವರು ಗೆಲ್ಲುತ್ತಿಲ್ಲವೇ?"

"ಗೆಲ್ತವ್ರೆ ಸಾ, ದಿನಾ ಗೆಲ್ತವ್ರೆ. ಆದ್ರೆ ಪಾಂಡವ್ರ ಕಡೆ ಕೂರೋದು ನಮ್ಮನೆಯವ್ಳು. ನಂಗೆ ಆ ಹಳೇ ಪೀಸೇ ಕೊಟ್ಬುಡಿ."

ಮೂರು ಬೀಜದ ಭೀಮ

ವೈ.ಎನ್. ಹೊಸಕೋಟೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಮನೆಯಿದೆ. ಗುರುಭಕ್ತಿಯಿಂದ ಒಂದು ಡಬ್ಬಿ ತೆಗೆದುಕೊಂಡಿದ್ದಳು. ಆ ಬೀದಿಯಲ್ಲಿ ಇನ್ನಷ್ಟು ಹೋಗಬಹುದೆಂಬ ಆಸೆಯಿಂದ ಒಂದು ಮಧ್ಯಾಹ್ನ ಹೋದೆ. ಅವಳೂ ಅವಳ ಅತ್ತೆಯೂ ಕಡಲೆಕಾಯಿ ಸುಲಿಯುತ್ತಾ ಆಡುತ್ತಿದ್ದರು. ನೋಡಿದರೆ ನನ್ನ ಪಾಂಡವರಲ್ಲಿ ಒಬ್ಬರೂ ಇಲ್ಲ.

"ಮಕ್ಳು ಕಳೆದಾಕ್ಬುಟ್ವು ಸಾರ್" ಅಂದಳು. ಅವರ ಬದಲು ಐದು ಕಡಲೆಕಾಯಿ ಇಟ್ಟಿದ್ದಳು. ಮೂರು ಬೀಜದ ದಪ್ಪ ಕಾಯಿ ಭೀಮ. ಒಂಟಿ ಬೀಜದವು ನಕುಲ ಸಹದೇವರು.

ಕವಡೆ ಬಿತ್ತು. ಭೀಮ ಹಸ್ತಿನಾವತಿಗೆ ನುಗ್ಗಬೇಕು, ಹಲಗೆಯ ಮೇಲೆ ಭೀಮನೇ ಇಲ್ಲ.

"ಅತ್ತಾ, ಭೀಮುಡೇಡಿ?" ಭೀಮ ಎಲ್ಲಿ ಅಂತ ಸೊಸೆ ತೆಲುಗಿನಲ್ಲಿ ಕೇಳಿದಳು.

ಅತ್ತೆ ಅಗಿಯುವುದನ್ನು ನಿಲ್ಲಿಸಿದರು. "ಅಯ್ಯೋ, ನಾನೇ ತಿಂದ್ಬುಟ್ಟೆ ಕಣಮ್ಮ. ಮಾತಾಡ್ತಾ ಗೊತ್ತೇ ಆಗ್ಲಿಲ್ಲ."

ಇದೇ ಸಮಯ ಅಂದುಕೊಂಡು, "ಹೊಸ ಡಬ್ಬಿ ಕೊಡುತ್ತೇನಮ್ಮ, ಅಕ್ಕಪಕ್ಕದವರಿಗೂ ಹೇಳಿ" ಅಂದೆ.

ಅತ್ತೆ ರಾಶಿಗೆ ಕೈಹಾಕಿ ಇನ್ನೊಂದು ಮೂರು ಬೀಜದ್ದನ್ನು ಹುಡುಕಿ ಹಲಗೆಯ ಮೇಲೆ ಭೀಮನ ಮನೆಯಲ್ಲಿಟ್ಟರು. "ಡಬ್ಬಿ ಯಾಕೆ ಸಾಮಿ? ಈ ಸತಿ ಬೆಳೆ ಚೆನ್ನಾಗೈತೆ. ಪಾಂಡವ್ರಿಗೇನು ಕಮ್ಮಿ?"

ಪಾರ್ಟು ಯಾರದು

ಮಗಳು ಬರಲು ಎರಡು ತಿಂಗಳಿತ್ತು, ಕೋಣೆಯಲ್ಲಿ ಇನ್ನೂ ನೂರೆಂಬತ್ತು ಡಬ್ಬಿಗಳಿದ್ದವು. ಮನೆಯವಳು ದಿನಾ ಬೆಳಿಗ್ಗೆ ಕೋಣೆಯ ಬಾಗಿಲು ತೆಗೆದು, ಡಬ್ಬಿ ಎಣಿಸಿ ಮುಚ್ಚುತ್ತಿದ್ದಳು. ಬೈದಿದ್ದರೆ ವಾಸಿಯಿತ್ತು. ಆಗ ಕೊರಟಗೆರೆ ಕಡೆಯ ಹಳ್ಳಿಯಿಂದ ನಾಟಕದ ಹಾರ್ಮೋನಿಯಂ ಮೇಷ್ಟ್ರು ಫೋನ್ ಮಾಡಿದರು.

ನಮ್ಮ ಕಡೆ ಪೌರಾಣಿಕ ನಾಟಕದಲ್ಲಿ ದುರ್ಯೋಧನನ ಪಾರ್ಟಿಗಿರುವ ಮರ್ಯಾದೆ ಧರ್ಮರಾಯನಿಗಿಲ್ಲ. ಅವನಿಗೆ ಕಿರೀಟ ದೊಡ್ಡದು, ಗದೆ ದೊಡ್ಡದು, ಹಾಡು ಜಾಸ್ತಿ. ಧರ್ಮರಾಯ ಏನಿದ್ದರೂ ಕೊನೆಯಲ್ಲಿ ಉಳಿದವನ ಪಾಲಿಗೆ. ಈ ವರ್ಷ ದುರ್ಯೋಧನನಿಗಾಗಿ ಲೈನ್‌ಮನ್‌ಗೂ ಹಾಲಿನ ಡೈರಿಯ ಸೆಕ್ರೆಟರಿಗೂ ಹಟ ಬಿದ್ದಿತ್ತು. "ನಿಮ್ ಆಟದಲ್ಲಿ ಗೆದ್ದೋರಿಗೆ ಪಾರ್ಟು ಅಂತ ತೀರ್ಮಾನ ಮಾಡಿದೀವಿ, ಬನ್ನಿ" ಅಂದರು ಮೇಷ್ಟ್ರು.

ಊರೆಲ್ಲ ಸೇರಿತ್ತು. ಹಲಗೆ ಹಾಸಿ, "ಯಾರು ಯಾವ ಕಡೆ?" ಅಂತ ಕೇಳಿದೆ.

"ಕೌರವ" ಅಂದ ಲೈನ್‌ಮನ್.

"ಕೌರವ" ಅಂದ ಸೆಕ್ರೆಟರಿ.

"ಒಬ್ಬರಾದರೂ ಪಾಂಡವರಾಗಬೇಕಲ್ಲಪ್ಪ?"

"ಒಂದ್ ಸತಿ ಧರ್ಮರಾಯ ಅಂತ ಕೂತ್ರೆ ಮುಗೀತು ಸಾ" ಅಂದ ಸೆಕ್ರೆಟರಿ. "ಅದೇ ಪಾರ್ಟ್ ಗಟ್ಟಿ ಮಾಡ್ಬುಡ್ತಾರೆ."

ಮೇಷ್ಟ್ರು ಯೋಚಿಸಿ ತೀರ್ಪು ಕೊಟ್ಟರು: "ಇಬ್ರೂ ಕೌರವ್ರೇ ಆಗ್ಲಿ. ಇನ್ನೊಂದು ಡಬ್ಬಿ ತೆಗೀರಿ." ಒಬ್ಬನ ಕೌರವರಿಗೆ ಅರಿಶಿನ ಹಚ್ಚಿದರು, ಇನ್ನೊಬ್ಬನ ಕೌರವರಿಗೆ ಕುಂಕುಮ. ಎರಡು ಡಬ್ಬಿಯ ಪಾಂಡವರನ್ನೂ ಒಂದು ಮೊರದಲ್ಲಿ ಹಾಕಿ ಪಕ್ಕಕ್ಕಿಟ್ಟರು.

ಲೈನ್‌ಮನ್ ಒಂದು ಕಾಯಿ ನಡೆಸಿ, ಎದೆಯುಬ್ಬಿಸಿ ಒಂದು ಪದ್ಯ ಹಾಡಿದ. ಗುಂಪಿನಿಂದ "ಒನ್ಸ್ ಮೋರ್" ಅಂತ ಕೂಗು ಬಂತು. ಅವನು ಕಾಯಿಯನ್ನು ವಾಪಸ್ ಇಟ್ಟು, ಮತ್ತೆ ನಡೆಸಿ, ಮತ್ತೆ ಹಾಡಿದ. ಸೆಕ್ರೆಟರಿಯ ದುರ್ಯೋಧನನಿಗೆ ಏಟು ಬಿದ್ದಾಗ ಅವನು ತೊಡೆ ಹಿಡಿದುಕೊಂಡು ಹಾಡಿದ ಹಾಡಿಗೆ ಹೆಂಗಸರು ಕಣ್ಣೊರೆಸಿಕೊಂಡರು. ಅದಕ್ಕೂ ಒನ್ಸ್ ಮೋರ್ ಬಿತ್ತು, ಸತ್ತ ಕಾಯಿ ಎದ್ದು ಬಂತು.

"ಸತ್ತವನು ಏಳುವ ಹಾಗಿಲ್ಲ" ಅಂದೆ.

"ಒನ್ಸ್ ಮೋರ್ ಬಿದ್ಮೇಲೆ ಏಳ್ದೇ ಇದ್ರೆ ಜನಕ್ಕೆ ಅವಮಾನ ಮಾಡ್ದಂಗೆ ಸಾ" ಅಂದರು ಮೇಷ್ಟ್ರು.

ಹೀಗೆ ಯಾರೂ ಸಾಯದೆ, ಯಾರೂ ಗೆಲ್ಲದೆ ಮೂರು ಸಂಜೆ ಆಟ ನಡೆಯಿತು. ಸುದ್ದಿ ಸುತ್ತಲಿನ ನಾಟಕದವರಿಗೆಲ್ಲ ಹಬ್ಬಿತು. ಎಲ್ಲರಿಗೂ ಆಟ ಬೇಕು, ಎಲ್ಲ ಕಡೆಯೂ ಇಬ್ಬರೂ ಕೌರವರೇ, ಹಾಗಾಗಿ ಎಲ್ಲರಿಗೂ ಎರಡೆರಡು ಡಬ್ಬಿ. ಮಗಳು ಬರುವ ಹಿಂದಿನ ದಿನ ಕೊನೆಯ ಡಬ್ಬಿಯೂ ಹೋಯಿತು. ಮನೆಯವಳು ಕೋಣೆ ಗುಡಿಸಿ, ಸಾರಿಸಿ, ಮಂಚ ಹಾಕಿದಳು. ನನಗಾದ ಸಂತೋಷ ಹೇಳತೀರದು.

ಅದೇ ಸಂಜೆ ಮೇಷ್ಟ್ರು ಗೂಡ್ಸ್ ಆಟೋದಲ್ಲಿ ಬಂದಿಳಿದರು, ಜೊತೆಗೆ ಎರಡು ಗೋಣಿಚೀಲ.

"ಎಲ್ಲಾ ಊರಿನ ಪಾಂಡವ್ರು ಸಾ. ಯಾರ್ಗೂ ಬೇಡ. ದೇವ್ರಂಥೋರು, ತಿಪ್ಪೆಗೆ ಹಾಕಕ್ಕಾಯ್ತದಾ? ನೀವೇ ಇಟ್ಕೊಳ್ಳಿ."

ಮನೆಯವಳು ಬಾಗಿಲಿಗೆ ಅಡ್ಡ ನಿಂತಳು.

"ಕೋಣೆಯ ಮೂಲೇಲಿ ಇರಲಿ ಕಣೇ" ಅಂದೆ.

"ಆಗಲ್ಲ."

"ಮಂಚದ ಕೆಳಗೆ?"

"ಆಗಲ್ಲ."

"ಹೋಗಲಿ, ಅಟ್ಟದ ಮೇಲೆ ಒಂದು ಚೀಲವಾದರೂ?"

ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೀದಿಗೆಲ್ಲ ಕೇಳುವಂತೆ ಹೇಳಿದಳು: "ಸೂಜಿ ಮೊನೆಯಷ್ಟು ಜಾಗಾನೂ ಕೊಡಲ್ಲ."

ಮೇಷ್ಟ್ರು ಚೀಲ ಕೆಳಗಿಳಿಸಿ ಅವಳನ್ನೇ ನೋಡಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಸಾ, ಪಾರ್ಟು ಇನ್ನೂ ಯಾರ್ಗೂ ಕೊಟ್ಟಿಲ್ಲ. ನಾಟಕದ ದಿನ ಅಮ್ಮಾವ್ರು ಬಿಡುವಾಗವ್ರಾ?"