ಗ್ವಾಡಿ ದಾಟಬ್ಯಾಡ್ರಿ, ಬಾಗಲದಾಗಿಂದ ಬರ್ರಿ!

ಮೊದಲಿಗೇ ಹೇಳಿಬಿಡುತ್ತೇನೆ. ಗೋಕಾಕದ ಆ ಖುಲ್ಲಾ ಜಾಗಾದ ವ್ಯವಹಾರ ಮುರಿದದ್ದು ಹುಕ್ಕೇರಿ ಸಾವಕಾರ ತಡ ಮಾಡಿದ್ದಕ್ಕಲ್ಲ. ಕಡೀಕ ತಡ ಮಾಡಿದವನು ನನ್ನ ಮೈದುನ. ಊರ ಮಂದಿ ಇವತ್ತಿಗೂ, "ಪಾಪ, ಆ ಸಾವಕಾರ ನಿಮ್ಮ ಮೈದುನಗ ಕೈ ಕೊಟ್ಟ ನೋಡ್ರಿ" ಅನ್ನುತ್ತಾರೆ. ಎಂಥಾ ಪಾಪ? ನಾನು ಕೊಡ ಹೊತ್ತುಕೊಂಡು ಅಲ್ಲೇ ನಿಂತಿದ್ದೆ. ಕಣ್ಣು ನನ್ನವು, ಕಿವಿ ನನ್ನವು.

ನನ್ನ ಮೈದುನನಂಥ ವ್ಯಾಪಾರಸ್ಥ ನಮ್ಮ ಜಿಲ್ಲೆಯಲ್ಲಿ ಇನ್ನೊಬ್ಬ ಇರಲಿಲ್ಲ. ಇದ್ದಿದ್ದರೆ ಜಿಲ್ಲೆ ಉಳಿಯುತ್ತಿರಲಿಲ್ಲ! ಆಣೆ ಹೋಗಿ ಹೊಸ ಪೈಸೆ ಬಂದ ಕಾಲ ಅದು. ಮಂದಿ ಆಣೆಯನ್ನು ಪೈಸೆ ಮಾಡುತ್ತ ಅಂಗಡಿಗಳ ಮುಂದೆ ನಿಂತೇ ಮುದುಕರಾಗುತ್ತಿದ್ದರು. ಇವನಿಗೆ ಆ ಚಿಂತೆಯೂ ಇರಲಿಲ್ಲ. ಇವನ ಕಸಬೇ ಬೇರೆ. ಯಾರದೋ ಖಾಲಿ ಬಿದ್ದ ಜಾಗಾ ನೋಡುವುದು. ಮಾಲಕನ ಕೈಯಲ್ಲಿ ಸಂಚಕಾರ ಅಂತ ಒಂದಿಷ್ಟು ಮುಂಗಡ ರೊಕ್ಕ ಇಟ್ಟು, 'ಇಂಥಾ ಹಬ್ಬದ ಒಳಗ ಕೊಳ್ಳಾವರನ್ನ ತಂದು ನಿಲ್ಲಸ್ತೀನಿ' ಅಂತ ಕಾಗದ ಮಾಡಿಸುವುದು. ಆಮೇಲೆ ಹಬ್ಬ ಬರುವುದರೊಳಗೆ ಒಬ್ಬ ಗಿರಾಕಿಯನ್ನು ಹುಡುಕಿ, ತನ್ನ ಹಕ್ಕು ಅವನಿಗೆ ಬಿಟ್ಟುಕೊಟ್ಟು, ನಡುವೆ ತನ್ನ ಪಾಲು ಇಟ್ಟುಕೊಳ್ಳುವುದು. ಜಾಗಾ ಇವನದಲ್ಲ, ಕೊಳ್ಳುವ ರೊಕ್ಕ ಇವನದಲ್ಲ. ನಡುವೆ ನಿಂತು ನೆರಳು ಮಾರುತ್ತಿದ್ದ ಅನ್ನಿರಿ. ಇವನದು ಅಂತ ಇದ್ದದ್ದು ಒಂದು ಕರಿ ಛತ್ರಿ.

ಆ ಛತ್ರಿಯನ್ನು ಮಳೆಗೆ ಬಿಚ್ಚಿದ್ದನ್ನು ನಾನು ಕಂಡಿಲ್ಲ. ಅದರ ತುದಿಯಿಂದ ನೆಲದ ಮೇಲೆ ಗೆರೆ ಎಳೆದು ಮನಿ ಕಟ್ಟುತ್ತಿದ್ದ! ಇದು ಪಡಸಾಲಿ, ಇದು ಅಡಗಿಮನಿ, ಇದು ಬಚ್ಚಲ, ಆ ಈಶಾನ್ಯ ಮೂಲಿ ದೇವರಮನಿ. ಬರೇ ಗೆರೆ. ಆದರೆ ಒಂದು ಸಲ ಎಳೆದನೆಂದರೆ ಅದು ಅವನ ಕಣ್ಣಿಗೆ ಕಲ್ಲಿನ ಗ್ವಾಡಿ. ನೋಡಲು ಬಂದವರು ಗೆರೆ ತುಳಿದರೆ ಕೂಗಿಕೊಳ್ಳುತ್ತಿದ್ದ:

"ಏ ಏ, ಗ್ವಾಡಿ ದಾಟಬ್ಯಾಡ್ರಿ! ಬಾಗಲದಾಗಿಂದ ಬರ್ರಿ!"

ನಗಬೇಡಿರಿ. ಬಂದವರು ಹಿಂದಕ್ಕೆ ಸರಿದು, ಸುತ್ತು ಹಾಕಿ, ಇಲ್ಲದ ಬಾಗಿಲಿನಿಂದ ಒಳಗೆ ಬರುತ್ತಿದ್ದರು. ಎತ್ತರದವರು ತಲೆ ಬಗ್ಗಿಸುತ್ತಿದ್ದರು! ಒಬ್ಬ ಮಾಸ್ತರರಂತೂ ಕಾಲ್ಮರಿ ಹೊರಗೆ ಬಿಟ್ಟು ಬಂದರು. ಕಲಿತವರ ಹಣೆಬರಹವೇ ಹೀಗಾದರೆ, ನನ್ನಂಥ ಎರಡನೇ ಇಯತ್ತೆಯವಳು ಏನು ಹೇಳಲಿ?

ಗಿರಾಕಿ ತಡ ಮಾಡಿದರೆ ಬೇರೆ ದಲಾಲರು ಜಗಳ ತೆಗೆಯುತ್ತಾರೆ. ಇವನು ಊಟಕ್ಕೆ ಕರೆಯುತ್ತಿದ್ದ.

"ವೈನಿ, ಇವತ್ತು ನಾಕು ಮಂದಿ ಬರ್ತಾರ್ರಿ."

"ಯಾಕ? ಕಾಗದಕ್ಕ ಸಹಿ ಮಾಡಾಕೇನ?"

"ಇಲ್ರಿ, ಇನ್ನೊಂದು ತಿಂಗಳ ತಡಿ ಅಂತ ಹೇಳಾಕ."

"ಅಷ್ಟು ಹೇಳಾಕ ನಾಕು ಮಂದಿ ಬೇಕೇನ? ಒಬ್ಬಾಂವ ಉಂಡು ಹೇಳಿದರ ಸಾಕಾಗೂದಿಲ್ಲೇನ?"

"ಹೊಟ್ಟಿ ತುಂಬಿದಾಂವ ಇಲ್ಲ ಅನ್ನಾಕ ನಾಚತಾನ್ರಿ ವೈನಿ."

ನಾಚಿದವನನ್ನು ನಾನು ಒಬ್ಬನನ್ನೂ ನೋಡಲಿಲ್ಲ. ಇನ್ನೊಂದು ರೊಟ್ಟಿ ಬೇಡಿದವರನ್ನು ಮಾತ್ರ ನೋಡಿದೆ.

ಇಂಥವನ ಕೈಗೆ ನಮ್ಮ ಓಣಿಯ ತುದಿಯ ಜಾಗಾ ಬಂತು. ಮಾಲಕ ಮೂಡಲಗಿಯ ಒಬ್ಬ ಮುದುಕ. ಗಿರಾಕಿ ಹುಕ್ಕೇರಿಯ ಸಾವಕಾರ. ಗೋಕಾಕದಲ್ಲಿ ಒಂದು ಮನಿ ಕಟ್ಟಿ, ಮುಂದೆ ಅರಿವೆ ಅಂಗಡಿ ಹಾಕುವವ. ಜಾಗಾ ನೋಡಿದ, ಇಲ್ಲದ ಬಾಗಿಲಿನಿಂದ ಬಂದ, ಇಲ್ಲದ ಪಡಸಾಲೆಯಲ್ಲಿ ಕುಂತ, ಎಲೆ ಅಡಿಕೆ ತಿಂದ, "ಮುಗೀತು ಅಂತ ತಿಳಿ" ಅಂದ. ಮುಗಿಯಲಿಲ್ಲ. ಶುರುವಾಯಿತು.

ಮೊದಲು ಅವನ ದೇವರು ಹೂವು ಕೊಡಲಿಲ್ಲ. ನಮ್ಮ ಕಡೆ ದೊಡ್ಡ ಕೆಲಸ ಹಿಡಿಯುವ ಮುಂದೆ ದೇವರಿಗೆ ಹೂವು ಹಚ್ಚಿ ಕೇಳುವುದುಂಟು. ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಬ್ಯಾಡ. ಸಾವಕಾರನಿಗೆ ಎಡಕ್ಕೆ ಬಿತ್ತಂತೆ. ನನ್ನ ಮೈದುನ ಬಸ್ಸು ಹತ್ತಿ ಹುಕ್ಕೇರಿಗೆ ಹೋದವನೇ ಕೇಳಿದ, "ಯಾರ ಎಡಕ್ಕ ಬಿತ್ರಿ ಸಾವಕಾರ್ರ? ನಿಮ್ಮ ಎಡಕ್ಕೋ, ದೇವರ ಎಡಕ್ಕೋ? ದೇವರು ನಿಮ್ಮ ಕಡೆ ಮಾರಿ ಮಾಡಿ ಕುಂತಾನಲ್ಲ, ನಿಮ್ಮ ಎಡಾ ಅಂದ್ರ ಅಂವನ ಬಲಾ ಆತಲ್ಲ!"

ಸಾವಕಾರ ತಬ್ಬಿಬ್ಬಾದ. ಪೂಜಾರಿಯನ್ನು ಕೇಳಿದರೆ, ಅವನು ಇಷ್ಟು ವರ್ಷ ಅದನ್ನು ವಿಚಾರವೇ ಮಾಡಿರಲಿಲ್ಲ! ಗುಡಿಯ ಮುಂದೆ ಎರಡು ಪಕ್ಷ ಆದವು. ಹಿಂದೆ ಎಡಕ್ಕೆ ಬಿತ್ತೆಂದು ಲಗ್ನ ಬಿಟ್ಟವನೊಬ್ಬ ಬಂದು, ಹಂಗಾರ ನನ್ನ ಗತಿ ಏನು ಅಂತ ಅಳುತ್ತ ಕುಂತನಂತೆ. ಕಡೆಗೆ ಪೂಜಾರಿ, "ಮತ್ತೊಮ್ಮಿ ಕೇಳೂಣು, ಆದರ ಆಷಾಢ ಮುಗೀಲಿ" ಅಂದ.

ಆಷಾಢ ಮುಗಿಯುವ ತನಕ ಸುಮ್ಮನೆ ಯಾಕಿರಬೇಕೆಂದು ಸಾವಕಾರ ಮನಿ ಮಂದಿಯನ್ನೆಲ್ಲ ಜಾಗಾ ತೋರಿಸಲು ಕರೆದುಕೊಂಡು ಬಂದ. ಹೆಂಡತಿ, ಸೊಸೆ, ಹೆಂಡತಿಯ ಸೋದರಮಾವ, ಅವನ ಕೆಮ್ಮು. ನನ್ನ ಮೈದುನ ಛತ್ರಿಯಿಂದ ಹೊಸದಾಗಿ ಗೆರೆ ಎಳೆದ. ಸಾವಕಾರನ ಹೆಂಡತಿ ಅಡಗಿಮನಿಯಲ್ಲಿ ನಿಂತು, "ಒಲಿ ಈ ಬಾಜೂ ಇರಲಿ" ಅಂದಳು. ಸೊಸೆ, "ಅತ್ತೀ, ಅಲ್ಲಿ ಇಟ್ಟರ ಹೊಗಿ ಎಲ್ಲಾ ನನ್ನ ಖೋಲಿಗೆ ಬರ್ತೈತ್ರಿ" ಅಂದಳು. "ನಿನಗ ಇಲ್ಲಿ ಖೋಲಿ ಕೊಟ್ಟಾವರು ಯಾರ?" ಅಂತ ಅತ್ತೆ. "ನಿಮ್ಮ ಮಗನ್ನ ಕೇಳ್ರಿ" ಅಂತ ಸೊಸೆ. ಬರಿ ನೆಲದ ಮೇಲೆ ಜಗಳ! ಒಲೆ ಹೂಡಿರಲಿಲ್ಲ, ಬೆಂಕಿ ಹಚ್ಚಿರಲಿಲ್ಲ, ಹೊಗೆ ಮಾತ್ರ ಎದ್ದಿತ್ತು. ಸೊಸೆ ಸಿಟ್ಟಿನಿಂದ ತನ್ನ ಖೋಲಿಗೆ ಹೋಗಿ ನಮ್ಮ ಕಡೆ ಬೆನ್ನು ತಿರುಗಿಸಿ ಕುಂತಳು. ಊಟಕ್ಕೆ ಎಬ್ಬಿಸಲು ನಾನು ಹೋದರೆ ಇವನು ಹಿಂದಿನಿಂದ, "ವೈನಿ, ಬಾಗಲ ಬಡದು ಹೋಗ್ರಿ" ಅಂದ. ನಾನು ಇವನ ತಲೆಗೆ ಬಡಿಯಬೇಕಿತ್ತು.

ಇತ್ತ ಗಿರಾಕಿ ತಡ ಮಾಡಿದರೆ ಅತ್ತ ಮಾಲಕ ಬಿಡುತ್ತಾನೆಯೇ? ಹೇಳಿದ ಹಬ್ಬ ಯಾವತ್ತೋ ದಾಟಿತ್ತು. ಕಾಗದದ ಪ್ರಕಾರ ಸಂಚಕಾರ ನುಂಗಿ ಕುಂಡ್ರಬಹುದಾಗಿತ್ತು ಮೂಡಲಗಿ ಮುದುಕ. ನನ್ನ ಮೈದುನ ಹೋಗಿ ಸುಳ್ಳು ಹೇಳಲಿಲ್ಲ, ನಡೆದದ್ದನ್ನೇ ಹೇಳಿದ. ಹೂವಿನ ಕಥೆ ಹೇಳಿದ, ಒಲೆಯ ಕಥೆ ಹೇಳಿದ. ಮುದುಕ ಕಟ್ಟೆಯ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕು, "ಆಮ್ಯಾಲೆ ಸೊಸಿ ಏನಂದಳೋ?" ಅಂತ ಕೇಳಿದ. "ಇನ್ನೂ ಏನೂ ಅಂದಿಲ್ರಿ ಅಜ್ಜಾರ, ಅನ್ನಾಕಿ ಅದಾಳ" ಅಂದ ಇವನು. ಅದನ್ನು ಕೇಳುವ ಆಸೆಗೆ ಮುದುಕ ನಾಗರಪಂಚಮಿ ತನಕ ಅವಧಿ ಕೊಟ್ಟ! ಆದರೆ ಮುದುಕನ ಮಗ ಅಂಥವನಲ್ಲ. "ಪಂಚಮಿ ಹಿಂದಿನ ದಿನಕ್ಕ ಆಖರಿ. ಬ್ಯಾರೆ ಗಿರಾಕಿ ಬಾಗಲದಾಗ ನಿಂತಾನ" ಅಂತ ಹೇಳಿ ಕಳಿಸಿದ.

ನಮ್ಮ ಮನಿಯವರಿಗೂ ಸಾಕಾಗಿತ್ತು. ತಮ್ಮನನ್ನು ಕರೆದು ಕುಂಡ್ರಿಸಿದರು.

"ಪಂಚಮಿ ಒಳಗ ಈ ಜಾಗಾ ಹ್ವಾದರ ನಿನ್ನ ಹಾದಿ ನಿನಗ. ಇಲ್ಲಂದ್ರ ಆ ಛತ್ರಿ ಮೂಲಿಗಿಟ್ಟು ಗಿರಣಿಗೆ ಹೋಗಬೇಕು. ಮುಕಾದಮರ ಕಡೆ ಮಾತಾಡೇನಿ."

ಗಿರಣಿ ಅನ್ನುವ ಹೊತ್ತಿಗೆ ಇವನ ಮುಖ ಹಿಂಡಿದ ಅರಿವೆಯ ಹಾಗಾಯಿತು. ಗಿರಣಿಯ ಭೋಂಗಾ ಊದಿದಾಗ ಏಳುವುದು, ಭೋಂಗಾ ಊದಿದಾಗ ಉಣ್ಣುವುದು! ಮೂರು ತಾಲೂಕು ತನ್ನ ಅಂಗಳ ಅಂತ ತಿರುಗಿದವನನ್ನು ಒಂದು ನೂಲಿನ ಯಂತ್ರದ ಮುಂದೆ ನಿಲ್ಲಿಸಿದರೆ ಬದುಕುತ್ತಾನೆಯೇ? "ಆತಣ್ಣಾ" ಅಂದ. ಅವತ್ತಿನಿಂದ ವಾರಕ್ಕೆರಡು ಸಲ ಹುಕ್ಕೇರಿ. ದಣಿದು ಬಂದು ಪಡಸಾಲೆಯಲ್ಲಿ, ನಮ್ಮ ಖರೇ ಪಡಸಾಲೆಯಲ್ಲಿ, ಬಿದ್ದುಕೊಳ್ಳುತ್ತಿದ್ದ.

ಅಷ್ಟರಲ್ಲಿ ದಡ್ಡಿ ಊರಿನ ಕಡೆಯವರು ಒಂದಿಷ್ಟು ಮಂದಿ ರಸ್ತೆ ಕೆಲಸಕ್ಕೆ ಬಂದರು. ಅವರಲ್ಲಿ ಗಂಡ ಹೆಂಡತಿ ಇಬ್ಬರು ಆ ಜಾಗಾದಲ್ಲಿ ಜೋಪಡಿ ಹಾಕಿಕೊಳ್ಳುತ್ತೇವೆಂದು ಇವನನ್ನು ಕೇಳಿದರು. ಇವನು ಹೂಂ ಅಂದ. ಎಲ್ಲಿ? ದೇವರಮನಿಯಲ್ಲಿ! ಯಾಕೆಂದರೆ ಆ ಮೂಲೆ ಸ್ವಲ್ಪ ಎತ್ತರ, ಮಳೆ ನೀರು ನಿಲ್ಲುವುದಿಲ್ಲ. "ಪಡಸಾಲಿಯೊಳಗ ಬ್ಯಾಡವಾ, ಅಲ್ಲಿ ಮಂದಿ ಬಂದು ಹೋಗೂ ಜಾಗಾ" ಅಂತ ಆ ಹೆಣ್ಣುಮಗಳಿಗೆ ತಿಳಿಸಿ ಹೇಳಿದ. ಆಕೆ ತುಂಬಿದ ಬಸುರಿ. ಇವನ ಮಾತು ಕೇಳಿ ಗಂಡನ ಮುಖ ನೋಡಿದಳು.

ಶ್ರಾವಣ ಬಂತು. ಹುಕ್ಕೇರಿ ದೇವರು ಹೂವು ಕೊಟ್ಟ. ಯಾರ ಬಲಕ್ಕೆ ಅಂತ ಈ ಸಲ ಯಾರೂ ಕೇಳಲಿಲ್ಲ. ಪಂಚಮಿಗೆ ಎರಡು ದಿನ ಇರುವಾಗ ಸಾವಕಾರ ರೊಕ್ಕ ತೆಗೆದುಕೊಂಡು, ಸಾಕ್ಷಿಗೆ ಮಂದಿ ಕರೆದುಕೊಂಡು, ಹೆಗಲ ಮೇಲೆ ಅರಿಶಿನ ಹಚ್ಚಿದ ಹೊಸ ಗುದ್ದಲಿ ಹೊತ್ತ ಆಳಿನ ಜೊತೆ ಬಂದಿಳಿದ. ನಾನು ನೀರಿಗೆ ಹೋದವಳು ನೋಡಲು ನಿಂತೆ.

"ಇವತ್ತ ಕಾಗದಾ, ಇವತ್ತ ಗುದ್ದಲಿ ಪೂಜಿ" ಅಂದ ಸಾವಕಾರ. "ಭಟ್ಟರು ಮುಹೂರ್ತ ಕೊಟ್ಟಾರ. ಈಶಾನ್ಯ ಮೂಲ್ಯಾಗ ಮೊದಲನೇ ಪೆಟ್ಟು ಬೀಳಬೇಕು. ಪಂಚಮಿ ಬಂದ್ರ ನೆಲಾ ಅಗಿಯೂ ಹಂಗಿಲ್ಲ. ಆ ಜೋಪಡಿ ಕಿತ್ತಸು."

ನನ್ನ ಮೈದುನ ಜೋಪಡಿಯ ಕಡೆ ನೋಡಿದ. ಒಳಗೆ ಕೂಸು ಅಳುತ್ತಿತ್ತು. ಹುಟ್ಟಿ ಅವತ್ತಿಗೆ ಮೂರನೇ ದಿನ.

"ಎರಡು ದಿನಾ ತಡೀರಿ ಸಾವಕಾರ್ರ."

"ಯಾಕ?"

"ಐದನೇ ದಿನಾ ಶೆಟಗೆವ್ವ ಬರ್ತಾಳ್ರಿ, ಕೂಸಿನ ಹಣಿಬರಾ ಬರಿಯಾಕ. ಹುಟ್ಟಿದ ಜಾಗಾ ಬಿಟ್ಟು ಎಬ್ಬಿಸಿದರ ಆಕಿ ಎಲ್ಲೆಂತ ಹುಡಕತಾಳ್ರಿ? ವಯಸ್ಸಾದ ದೇವತಿ. ಊರು ಹೊಸಾದು. ಇಲ್ಲಿ ಬಂದು, ಕೂಸು ಇಲ್ಲಂತ ಬರೀದ ಹೊಳ್ಳಿ ಹ್ವಾದರ?"

ಸಾಕ್ಷಿಗೆ ಬಂದವರು ನಕ್ಕರು. ಸಾವಕಾರ ನಗಲಿಲ್ಲ.

"ಹಾದಿ ಮ್ಯಾಲಿನ ಮಂದಿ ಅವರು. ಅವರ ಹಣಿಯೊಳಗ ಬರಿಯೂದೇನೈತಿ?"

"ಅದಕ್ಕ ಅಂತೀನ್ರಿ" ಅಂದ ಇವನು. "ನಿಮ್ಮದು ನಮ್ಮದು ಒಂದೀಟು ಕೆಟ್ಟರೂ ನಡೀತೈತಿ. ಇವರದನ್ನ ಸಮಾಧಾನದಿಂದ ಬರಿಬೇಕು. ನಿಮ್ಮ ದೇವರು ಹೂವು ಕೊಡೂತನಕ ನಾ ಕಾಯ್ದೆ. ಈ ಕೂಸಿನ ದೇವರು ಬರಿಯೂತನಕ ನೀವು ಕಾಯ್ರಿ."

"ನಾಳಿಗೆ ನಿನ್ನ ಅವಧಿ ಮುಗೀತೈತಿ. ಗೊತ್ತೈತಿಲ್ಲೋ?"

"ಗೊತ್ತೈತ್ರಿ."

ಸಾವಕಾರ ಇವನನ್ನು ಮೇಲಿಂದ ಕೆಳಗೆ ನೋಡಿದ. "ಹುಚ್ಚ ಅದಿ" ಅಂದ. ಧೋತರ ಎತ್ತಿ ಹಿಡಿದು ದಡದಡ ನಡೆದ. ಆ ಸಿಟ್ಟಿನಲ್ಲೂ ನೋಡಿರಿ, ಗೆರೆ ತುಳಿಯಲಿಲ್ಲ. ತಲೆ ಬಗ್ಗಿಸಿ ಬಾಗಿಲಿನಿಂದಲೇ ಹೊರಗೆ ಹೋದ! ಗುದ್ದಲಿ ಹೊತ್ತ ಆಳೂ ಹಿಂದೆಯೇ ಬಗ್ಗಿದ.

ಸಂಜೆ ಮೈದುನ ಮನಿಗೆ ಬಂದ. ಛತ್ರಿಯನ್ನು ಮೂಲೆಗೆ ಇಟ್ಟ.

"ಅಣ್ಣಾ, ಗಿರಣಿಗೆ ನನ್ನ ಹೆಸರು ಹಚ್ಚಿಸು."

"ಯಾಕ? ಸಾವಕಾರ ಬರಲಿಲ್ಲೇನ?"

"ತಡಾ ಮಾಡಿದ" ಅಂದ. ಅಷ್ಟೇ. ಕೈಕಾಲು ತೊಳೆಯಲು ಹಿತ್ತಲಿಗೆ ಹೋದ.

ಆ ಒಂದು ಸುಳ್ಳು ಓಣಿ ದಾಟಿ, ಊರು ದಾಟಿ, ಇವತ್ತಿನ ತನಕ ಬಂದಿದೆ. ಕೂಸಿನ ಮಾತು ಹೇಳಿದರೆ ಮಂದಿ ಒಳ್ಳೆಯವನು ಅಂದಾರೆಂದು ಅವನಿಗೆ ನಾಚಿಕೆ. ಹುಚ್ಚ ಅಂದರೆ ನಡೆಯುತ್ತಿತ್ತು, ಒಳ್ಳೆಯವ ಅನ್ನಿಸಿಕೊಳ್ಳಲು ಆಗುತ್ತಿರಲಿಲ್ಲ. ನನಗೆ ಅಂಥ ನಾಚಿಕೆ ಇಲ್ಲ. ಊಟಕ್ಕೆ ಬಡಿಸುತ್ತ ನಮ್ಮ ಮನಿಯವರಿಗೆ ಕಂಡದ್ದು ಕಂಡ ಹಾಗೆ ಹೇಳಿದೆ. ಅವರು ಕೈಯಲ್ಲಿದ್ದ ತುತ್ತು ಮುಗಿಸಿದರು. ಆಮೇಲೆ, "ಪಂಚಮಿ ಉಂಡಿ ತಿಂದ ಮ್ಯಾಲೆ ಹೋಗಲಿ ಗಿರಣಿಗೆ. ಅವಸರಿಲ್ಲ" ಅಂದರು.

ಜಾಗಾ ಮೂಡಲಗಿ ಮುದುಕನ ಮಗ ಬೇರೆಯವರಿಗೆ ಕೊಟ್ಟ. ಅವರು ಮಳೆಗಾಲ ಮುಗಿಯುವ ತನಕ ಒಂದು ಹಾರೆಯನ್ನೂ ಹಾಕಲಿಲ್ಲ. ಮೈದುನ ಗಿರಣಿಗೆ ಹೋದ, ಬದುಕಿದ, ಮದುವೆಯಾದ, ಅದೆಲ್ಲ ಇರಲಿ.

ಸಾವಕಾರ ಹೋದ ಮರುದಿನ ಮುಂಜಾನೆ ನಾನು ಹಂಡೆಯಲ್ಲಿ ಬೇವಿನ ತಪ್ಪಲು ಹಾಕಿ ನೀರು ಕಾಯಿಸಿದೆ. ಹೊತ್ತುಕೊಂಡು ಜೋಪಡಿಗೆ ಹೋದೆ. ಆ ಹುಡುಗಿಗೆ ತಾಯಿ ಇರಲಿಲ್ಲ, ಅತ್ತೆ ಇರಲಿಲ್ಲ. ಕೂಸಿಗೆ ನೀರು ಹಾಕಲು ಹೆದರಿ ಒದ್ದೆ ಅರಿವೆಯಿಂದ ಒರೆಸಿ ಬಿಟ್ಟಿದ್ದಳು. "ಸರಿ ಅತ್ಲಾಗ" ಅಂದೆ. ಸೀರೆ ಮೇಲಕ್ಕೆ ಸಿಕ್ಕಿಸಿ, ಕಾಲು ಚಾಚಿ ಕುಂತು, ಕೂಸಿನ ಅರಿವೆ ಬಿಚ್ಚಿದೆ. ಹೆಣ್ಣು. ಕಾಲ ಮೇಲೆ ಹಾಕಿಕೊಂಡು, ನೆತ್ತಿಗೆ ಹರಳೆಣ್ಣೆ ಒತ್ತಿ, ಮೈ ತುಂಬ ತಿಕ್ಕಿ, ಬಿಸಿನೀರು ಎರೆದೆ. ಓಣಿಯ ಮಂದಿಯೆಲ್ಲ ಹೊರಗೆ ಬಂದು ನೋಡುವ ಹಾಗೆ ಕಿರುಚಿತು.